ಕಂಪ್ಯೂಟರಿನೊಳಗೊಂದು ಕನ್ನಡ ಕಪಾಟು



ಮೆಟ್ಟುಪಾಳ್ಯಂ ಊರಿನಲ್ಲೂ ಸುತ್ತಲಿನ ಕೊಯಮತ್ತೂರು ಸೀಮೆಯಲ್ಲೂ ತಲೆಮಾರುಗಳಿಂದ ನೆಲೆಸಿರುವ ಕನ್ನಡ ಕುಟುಂಬಗಳುಂಟು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮಕ್ಕಳು ಶಾಲೆಯಲ್ಲಿ ಕಲಿಯುವುದು ತಮಿಳು ಮತ್ತು ಇಂಗ್ಲಿಷ್. ಹಾಗಾಗಿ ಅಜ್ಜಿಯೊಡನೆ ಕನ್ನಡದಲ್ಲಿ ಹರಟುವ ಮೊಮ್ಮಗನಿಗೆ ಅಜ್ಜಿಯ ಕನ್ನಡ ಪುಸ್ತಕ ಓದಲು ಬರುವುದಿಲ್ಲ. ಊಟಿ ರೈಲು ಹೊರಡುವ ಈ ಊರಿನಲ್ಲಿ ಬೇಕಾದ ಕನ್ನಡ ಪುಸ್ತಕವನ್ನು ಅಂಗಡಿಯಲ್ಲಿ ಕೊಳ್ಳುವುದೂ ಸುಲಭವಲ್ಲ. ಇಂಥ ಮನೆಗಳಿಗೆ ಕಂಪ್ಯೂಟರು ಒಂದು ಕನ್ನಡ ಕಪಾಟಾಗಬಲ್ಲದು. ಆ ಕಪಾಟನ್ನು ಜೋಡಿಸುವುದು ಹೇಗೆ, ಕಂಪ್ಯೂಟರು ಕೈಕೊಟ್ಟಾಗ ಅದನ್ನು ಉಳಿಸಿಕೊಳ್ಳುವುದು ಹೇಗೆ ಎಂಬುದನ್ನು ಈ ತಿಂಗಳು ನೋಡೋಣ.

ಅಂತರ್ಜಾಲದಲ್ಲಿ ಇಷ್ಟವಾದ ಪುಟ ಸಿಕ್ಕಾಗ ಕೀಲಿಮಣೆಯಲ್ಲಿ ಕಂಟ್ರೋಲ್ ಮತ್ತು ಡಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅದು ಬುಕ್‌ಮಾರ್ಕ್ ಆಗುತ್ತದೆ. ಕ್ರೋಮ್, ಫೈರ್‌ಫಾಕ್ಸ್, ಎಡ್ಜ್ ಮೂರರಲ್ಲೂ ಇದೇ ಕ್ರಮ. ಎಡ್ಜ್‌ನಲ್ಲಿ ಇದರ ಹೆಸರು ಮಾತ್ರ ಫೇವರಿಟ್ಸ್. ಹೀಗೆ ಒತ್ತುತ್ತಾ ಹೋದರೆ ವರ್ಷದೊಳಗೆ ಮುನ್ನೂರು ಬುಕ್‌ಮಾರ್ಕ್ ಸೇರಿ, ಬೇಕಾದದ್ದು ಒಂದೂ ಸಿಗದಂತಾಗುತ್ತದೆ. ಅದಕ್ಕೆ ನಾಲ್ಕು ಫೋಲ್ಡರ್ ಮಾಡಿಕೊಳ್ಳಿ: ಕನ್ನಡ, ಶಾಲೆ, ಬ್ಯಾಂಕು ಮತ್ತು ಬಿಲ್ಲು, ಆಮೇಲೆ ಓದಲು. ಕಂಟ್ರೋಲ್, ಶಿಫ್ಟ್, ಬಿ ಮೂರನ್ನೂ ಒಟ್ಟಿಗೆ ಒತ್ತಿದರೆ ಇವು ಪರದೆಯ ಮೇಲ್ಭಾಗದಲ್ಲಿ ಸಾಲಾಗಿ ಕಾಣಿಸುತ್ತವೆ. ನಾಲ್ಕನೆಯ ಫೋಲ್ಡರನ್ನು ತಿಂಗಳಿಗೊಮ್ಮೆ ಖಾಲಿ ಮಾಡಿ.

ಕನ್ನಡ ಫೋಲ್ಡರಿನಲ್ಲಿ ಏನಿಡಬಹುದು? 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಇದೆ. ಕರ್ನಾಟಕ ಸರ್ಕಾರದ 'ಕನಜ' ಜಾಲತಾಣವಿದೆ. ವಿ. ಕೃಷ್ಣ ಅವರು ಹಲವು ದಶಕ ದುಡಿದು ಸಿದ್ಧಪಡಿಸಿದ ಕನ್ನಡ-ಇಂಗ್ಲಿಷ್ ನಿಘಂಟು 'ಅಲರ್' 2019ರಿಂದ ಎಲ್ಲರಿಗೂ ಉಚಿತವಾಗಿ ಅಂತರ್ಜಾಲದಲ್ಲಿ ಲಭ್ಯವಿದೆ. ಇವುಗಳೊಂದಿಗೆ ಒಂದು ದಿನಪತ್ರಿಕೆಯನ್ನೂ ಸೇರಿಸಿ. ಇನ್ನೊಂದು ಉಪಾಯ: ಬುಕ್‌ಮಾರ್ಕಿನ ಹೆಸರನ್ನು ನಾವೇ ಬದಲಿಸಬಹುದು. ಮಕ್ಕಳು ದಿನವೂ ತೆರೆಯುವ ಪುಟಗಳಿಗೆ 'ಕ್ರಿಕೆಟ್', 'ಹಾಡು', 'ಆಟ' ಎಂದು ಕನ್ನಡ ಅಕ್ಷರದಲ್ಲೇ ಹೆಸರಿಡಿ. ಆಟ ಬೇಕೆನ್ನುವ ಮಗು 'ಆಟ' ಎಂದು ಓದಲೇಬೇಕಾಗುತ್ತದೆ. ಟೈಪ್ ಮಾಡಲು ವಿಂಡೋಸ್ ಸೆಟ್ಟಿಂಗ್ಸ್‌ನ ಭಾಷೆಯ ಭಾಗದಲ್ಲಿ ಕನ್ನಡವನ್ನು ಸೇರಿಸಿಕೊಂಡರಾಯಿತು. ಆಮೇಲೆ ವಿಂಡೋಸ್ ಕೀಲಿಯನ್ನು ಹಿಡಿದು ಸ್ಪೇಸ್ ಬಾರ್ ಒತ್ತಿದರೆ ಕೀಲಿಮಣೆ ಭಾಷೆ ಬದಲಿಸುತ್ತದೆ.

ಇನ್ನು ಕೈಕೊಡುವ ವಿಷಯ. ಮನೆಯ ಕಂಪ್ಯೂಟರ್ ನಿಧಾನವಾದರೆ ರಿಪೇರಿಗೆ ಬಂದವರು ಹೇಳುವ ಸುಲಭದ ಮಾತು, "ಫಾರ್ಮ್ಯಾಟ್ ಮಾಡಿಬಿಡೋಣ." ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಎಲ್ಲವೂ ಸಾಮಾನ್ಯವಾಗಿ ಅದರೊಂದಿಗೇ ಹೋಗುತ್ತವೆ. ಮದುವೆಯ ಫೋಟೋ, ತಾತ ಟೈಪ್ ಮಾಡಿಸಿಟ್ಟ ಕಾಗದ, ಬುಕ್‌ಮಾರ್ಕ್ ಯಾವುದೂ ಉಳಿಯುವುದಿಲ್ಲ. ಆದ್ದರಿಂದ ಒಪ್ಪುವ ಮೊದಲು ಫೋಟೋ ಮತ್ತು ಕಾಗದಪತ್ರಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಬುಕ್‌ಮಾರ್ಕ್ ಮ್ಯಾನೇಜರ್ ತೆರೆದು 'ಎಕ್ಸ್‌ಪೋರ್ಟ್' ಒತ್ತಿದರೆ ಎಲ್ಲ ವಿಳಾಸಗಳೂ ಒಂದೇ ಸಣ್ಣ ಕಡತವಾಗಿ ಸಿಗುತ್ತವೆ. ಅದನ್ನೂ ಜೊತೆಗಿಡಿ. ಯಾವ ಬ್ರೌಸರಿನಿಂದ ತೆಗೆದರೂ ಇನ್ನೊಂದರಲ್ಲಿ 'ಇಂಪೋರ್ಟ್' ಮಾಡಬಹುದು. 1994ರಲ್ಲಿ ಬಂದ ನೆಟ್‌ಸ್ಕೇಪ್ ಬ್ರೌಸರಿನ ಕಾಲದ ಕ್ರಮವನ್ನೇ ಎಲ್ಲರೂ ಉಳಿಸಿಕೊಂಡಿದ್ದಾರೆ. ನೆಟ್‌ಸ್ಕೇಪ್ 2008ರಲ್ಲೇ ನಿಂತುಹೋಯಿತು, ಆದರೆ ಈ ಕಡತದ ಮೊದಲ ಸಾಲಿನಲ್ಲಿ ಇಂದಿಗೂ ಅದರ ಹೆಸರಿರುತ್ತದೆ.

ಎಷ್ಟೋ ತೊಂದರೆಗಳಿಗೆ ಫಾರ್ಮ್ಯಾಟ್ ಬೇಕಾಗುವುದೇ ಇಲ್ಲ. ಮೊದಲು 'ರೀಸ್ಟಾರ್ಟ್' ಮಾಡಿ ನೋಡಿ. ಈಚಿನ ವಿಂಡೋಸ್‌ನಲ್ಲಿ 'ಶಟ್ ಡೌನ್' ಮಾಡಿದರೆ, ಬೇಗ ಎಚ್ಚರಗೊಳ್ಳಲೆಂದು, ಒಳಗಿನ ಒಂದಷ್ಟು ಸ್ಥಿತಿ ಹಾಗೆಯೇ ಉಳಿದಿರುತ್ತದೆ. ಪೂರ್ತಿ ಹೊಸದಾಗಿ ಏಳುವುದು ರೀಸ್ಟಾರ್ಟ್ ಮಾಡಿದಾಗಲೇ.

ಯಾವ ಜಾಲತಾಣ ತೆರೆದರೂ 'ಸುರಕ್ಷಿತವಲ್ಲ' ಎಂಬ ಎಚ್ಚರಿಕೆ ಬರುತ್ತಿದೆಯೇ? ಪರದೆಯ ಮೂಲೆಯಲ್ಲಿರುವ ತಾರೀಕು ನೋಡಿ. ಹಳೆಯ ಕಂಪ್ಯೂಟರಿನಲ್ಲಿ ಗಡಿಯಾರಕ್ಕೆಂದು ಇರುವ ನಾಣ್ಯದಂಥ ಬ್ಯಾಟರಿ ಸತ್ತರೆ ತಾರೀಕು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಆಗ ಜಾಲತಾಣಗಳ ಪ್ರಮಾಣಪತ್ರದ ಅವಧಿ ಬ್ರೌಸರಿಗೆ ತಾಳೆಯಾಗುವುದಿಲ್ಲ. ತಾರೀಕು ಸರಿಪಡಿಸಿದರೆ ಎಚ್ಚರಿಕೆ ನಿಲ್ಲುತ್ತದೆ, ಬ್ಯಾಟರಿ ಬದಲಿಸಿದರೆ ಮತ್ತೆ ಬರುವುದಿಲ್ಲ. ಬೇಕಾದದ್ದು ಸಾಮಾನ್ಯವಾಗಿ ಸಿಆರ್ 2032 ಎಂಬುದು, ಬೆಲೆಯೂ ಅಲ್ಪ.

'ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ' ಎಂದು ಮೂಲೆಯಿಂದ ಚೀಟಿ ಇಣುಕುತ್ತಿದ್ದರೆ, ಯಾವುದೋ ತಾಣ 'ಅಲೋ' ಎಂದು ಕೇಳಿದಾಗ ಮನೆಯವರು ಯಾರೋ ಒತ್ತಿರುವ ಸಾಧ್ಯತೆಯೇ ಹೆಚ್ಚು. ಬ್ರೌಸರ್ ಸೆಟ್ಟಿಂಗ್ಸ್‌ನ ನೋಟಿಫಿಕೇಶನ್ಸ್ ಭಾಗದಲ್ಲಿ ಆ ತಾಣವನ್ನು ತೆಗೆದುಹಾಕಿ. ಚೀಟಿಯಲ್ಲಿರುವ ಫೋನ್ ನಂಬರಿಗೆ ಮಾತ್ರ ಕರೆ ಮಾಡಬೇಡಿ.

ತಾತನ ಕಾಗದ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆಯೇ? ಕಾಗದ ಕೆಟ್ಟಿಲ್ಲ, ಅಳಿಸಬೇಡಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟಿನಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಾಗೆಯೇ ಕಾಣುವುದು. ಫಾಂಟ್ ಮತ್ತೆ ಹಾಕಿದರೆ ಓದಬಹುದು. ಯೂನಿಕೋಡಿಗೆ ಪರಿವರ್ತಿಸಿಟ್ಟರೆ ಫೋನಿನಲ್ಲೂ ಓದಬಹುದು.

ಬ್ಯಾಂಕಿನ ಫೋಲ್ಡರಿಗೂ ಒಂದು ಕಾರಣವಿದೆ. ಬ್ಯಾಂಕಿನ ಹೆಸರನ್ನೋ ರೈಲು ಟಿಕೆಟ್ಟನ್ನೋ ಪ್ರತಿಸಲ ಹುಡುಕಿ ತೆರೆಯುವವರು, ಅಸಲಿಯಂತೆಯೇ ಕಾಣುವ ನಕಲಿ ಪುಟಕ್ಕೆ ಸಿಕ್ಕಿಬೀಳಬಹುದು. ಪಾಸ್‌ಬುಕ್ಕಿನಲ್ಲೋ ಶಾಖೆಯಲ್ಲೋ ವಿಳಾಸ ಖಚಿತಪಡಿಸಿಕೊಂಡು ಒಮ್ಮೆ ಬುಕ್‌ಮಾರ್ಕ್ ಮಾಡಿ, ಯಾವಾಗಲೂ ಅಲ್ಲಿಂದಲೇ ಹೋಗಿ. ಒಂದು ವೇಳೆ ಹಣ ಹೋದರೆ ನಾಚಿಕೆಪಡದೆ ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಕೈಗೆ ಸಿಗುವುದು ಕಷ್ಟ.

ಕೊನೆಯದಾಗಿ ನೆನಪಿಡಬೇಕಾದದ್ದು: ಬುಕ್‌ಮಾರ್ಕ್ ಎಂಬುದು ಪುಟದ ವಿಳಾಸವೇ ಹೊರತು ಪುಟವಲ್ಲ. ಮನೆಯವರು ಊರು ಬಿಟ್ಟರೆ ನಮ್ಮ ಕೈಯಲ್ಲಿರುವ ವಿಳಾಸದಿಂದ ಪ್ರಯೋಜನವೇನು? 2009ರಲ್ಲಿ ಯಾಹೂ ಕಂಪನಿ ಜಿಯೋಸಿಟೀಸ್ ಸೇವೆಯನ್ನು ನಿಲ್ಲಿಸಿದಾಗ ಜನಸಾಮಾನ್ಯರು ಕಟ್ಟಿದ್ದ ಲಕ್ಷಾಂತರ ಪುಟಗಳು ತಮ್ಮ ಜಾಗದಿಂದ ಮರೆಯಾದವು. ಕೆಲವನ್ನು ಇಂಟರ್ನೆಟ್ ಆರ್ಕೈವ್‌ನಂಥವರು ಕಾಪಾಡಿದರು. ಅವರ 'ವೇಬ್ಯಾಕ್ ಮಷೀನ್' 2001ರಿಂದ ಸಾರ್ವಜನಿಕರಿಗೆ ತೆರೆದಿದೆ. ನಿಮ್ಮ ಬುಕ್‌ಮಾರ್ಕ್ ತೆರೆಯದಿದ್ದರೆ ಆ ವಿಳಾಸವನ್ನು ಅಲ್ಲಿ ಹಾಕಿ ನೋಡಿ, ಹಳೆಯ ಪ್ರತಿ ಸಿಕ್ಕೀತು. ಮನಸ್ಸಿಗೆ ಹತ್ತಿರವಾದ ಪುಟವನ್ನಂತೂ ಇಂದೇ ಉಳಿಸಿಕೊಳ್ಳಿ: ಕಂಟ್ರೋಲ್ ಮತ್ತು ಪಿ ಒತ್ತಿ, ಪ್ರಿಂಟರಿನ ಜಾಗದಲ್ಲಿ ಪಿಡಿಎಫ್ ಆರಿಸಿದರಾಯಿತು.

ಬರುವ ಭಾನುವಾರ ಊಟವಾದ ಮೇಲೆ ಮಕ್ಕಳೂ ಅಜ್ಜಿಯೂ ಒಟ್ಟಿಗೆ ಕಂಪ್ಯೂಟರಿನ ಮುಂದೆ ಕೂರಲಿ. ಯಾವ ಕಥೆ, ಯಾವ ಹಾಡು, ಯಾವ ಪತ್ರಿಕೆ ಬೇಕೆಂದು ಅಜ್ಜಿ ಹೇಳಲಿ, ಮೊಮ್ಮಗ ಹುಡುಕಿ ಕನ್ನಡದಲ್ಲಿ ಹೆಸರಿಡಲಿ. ಹೆಸರಿನಲ್ಲಿ ಒತ್ತಕ್ಷರ ತಪ್ಪಿದರೆ ತಿದ್ದಲು ಅಜ್ಜಿ ಪಕ್ಕದಲ್ಲೇ ಇರುತ್ತಾರೆ. ಹತ್ತು ಬುಕ್‌ಮಾರ್ಕ್ ಆದರೆ ಮೊದಲ ದಿನಕ್ಕೆ ಸಾಕು. ಏಳುವ ಮುನ್ನ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಲು ಮರೆಯದಿರಿ.