ಹಳೆಯ ವ್ಯಾನಿನ ತೂತುಗಳು

ಬ್ರಿಟನ್ನಿನಲ್ಲಿ ನಲ್ಲಿ ರಿಪೇರಿಯವರು, ಬಡಗಿಗಳು, ವಿದ್ಯುತ್ ಕೆಲಸದವರು ತಮ್ಮ ಸಾಮಾನನ್ನೆಲ್ಲ ತುಂಬಿಕೊಂಡು ಓಡಾಡುವುದು ವ್ಯಾನಿನಲ್ಲಿ. 1965ರಲ್ಲಿ ಅಲ್ಲಿ ರಸ್ತೆಗಿಳಿದ ಫೋರ್ಡ್ ಟ್ರಾನ್ಸಿಟ್ ಇವುಗಳಲ್ಲಿ ಬಹಳ ಹೆಸರಾದದ್ದು. ದುಡಿದು ಹಳೆಯದಾದ ಇಂಥ ವ್ಯಾನನ್ನು ಕೊಂಡು, ಒಳಗೊಂದು ಮಂಚ, ಒಂದು ಒಲೆ ಜೋಡಿಸಿ, ಒಬ್ಬರೇ ಊರೂರು ಸುತ್ತುವ ಹವ್ಯಾಸ ಅಲ್ಲಿ ಹಲವರಿಗಿದೆ. ಮಂಚದ ನಕ್ಷೆ ಬರೆಯುವುದು ಸಂತೋಷದ ಕೆಲಸ. ಆದರೆ ಅದಕ್ಕೆ ಮೊದಲು ವ್ಯಾನನ್ನು ಪೂರ್ತಿ ಬರಿದು ಮಾಡಬೇಕು. ವಿಜ್ಞಾನವಿರುವುದು ಈ ಬೇಸರದ ಕೆಲಸದಲ್ಲಿಯೇ.

ಕಪಾಟು, ರಬ್ಬರ್ ಹಾಸು, ಮೊಳೆ, ಮರದ ಹೊಟ್ಟು ಎಲ್ಲವೂ ಹೊರಬರುತ್ತವೆ. ಗೋಡೆಗೆ ಬಡಿದ ಪ್ಲೈವುಡ್ ಮಾತ್ರ ಗಟ್ಟಿಯಾಗಿಯೇ ಇದೆ, ಇರಲಿ ಬಿಡಿ ಎನ್ನಿಸುತ್ತದೆ. ಹಾಗೆ ಬಿಟ್ಟವರು ಆಮೇಲೆ ಪಶ್ಚಾತ್ತಾಪ ಪಡುತ್ತಾರೆ. ಅದರ ಹಿಂದೆಯೇ ತೇವ ಕುಳಿತಿರುತ್ತದೆ. ಕಪಾಟು ಬಿಗಿಯಲು ಕೊರೆದ ಪ್ರತಿ ತೂತಿನ ಅಂಚಿನಲ್ಲಿಯೂ ಬಣ್ಣ ಹೋಗಿ ಬರಿಯ ಉಕ್ಕು ಕಾಣುತ್ತದೆ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಕೂಡಿದರೆ ತುಕ್ಕು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಆದ್ದರಿಂದ ಅದು ಮೇಲಿನ ಬಣ್ಣವನ್ನು ಎಬ್ಬಿಸಿ ಮತ್ತಷ್ಟು ಲೋಹವನ್ನು ಬಯಲು ಮಾಡುತ್ತದೆ.

ಮಳೆ ಬಾರದಿದ್ದರೂ ನೀರು ಎಲ್ಲಿಂದ? ಸ್ಟೀಲ್ ಲೋಟಕ್ಕೆ ಐಸ್ ನೀರು ಸುರಿದು ನೋಡಿ. ಸ್ವಲ್ಪ ಹೊತ್ತಿಗೇ ಹೊರಮೈ ಬೆವರುತ್ತದೆ. ಚಳಿಯ ರಾತ್ರಿ ವ್ಯಾನಿನ ಒಳಮೈ ಅಂಥದೇ ಲೋಟ. ಮಲಗಿದವರ ಉಸಿರಿನ ಆವಿ ತಣ್ಣನೆಯ ತಗಡಿಗೆ ತಾಗಿ ಹನಿಗಟ್ಟಿ, ಪ್ಲೈವುಡ್ಡಿನ ಹಿಂದೆ ಇಳಿದು ಒಣಗದೆ ಉಳಿಯುತ್ತದೆ.

ತುಕ್ಕು ಹಿಡಿದರೆ ನಷ್ಟ ಹಣಕ್ಕೆ. ನೆಲದ ತೂತಿನ ಅಪಾಯ ಬೇರೆ. ಕೆಳಗಿನ ಹೊಗೆ ಕೊಳವೆ ಸೋರುತ್ತಿದ್ದು ಎಂಜಿನ್ ಓಡುತ್ತಿದ್ದರೆ, ಆ ತೂತಿನ ಮೂಲಕ ಕಾರ್ಬನ್ ಮಾನಾಕ್ಸೈಡ್ ಒಳಕ್ಕೆ ಬರಬಹುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ಮಂಪರು ಕವಿದಾಗ ಇಬ್ಬರಿದ್ದರೆ ಒಬ್ಬರಾದರೂ ಬಾಗಿಲು ತೆರೆದಾರು. ಒಂಟಿಯಾಗಿ ಮಲಗಿದವರನ್ನು ಎಬ್ಬಿಸುವವರಿಲ್ಲ. ಒಲೆಯಿಂದಲೂ ಇದೇ ಅನಿಲ ಹೊಮ್ಮಬಹುದಾದ್ದರಿಂದ, ಇದನ್ನು ಗುರುತಿಸಿ ಕೂಗುವ ಸಣ್ಣ ಅಲಾರಂ ಮಂಚಕ್ಕಿಂತ ಮೊದಲು ಕೊಳ್ಳಬೇಕಾದ ವಸ್ತು.

ಹಾಗೆಂದು ಕಂಡ ತೂತನ್ನೆಲ್ಲ ಮುಚ್ಚುವಂತಿಲ್ಲ. ಬಾಗಿಲುಗಳ ತಳದಲ್ಲಿ ನೀರು ಇಳಿದುಹೋಗಲೆಂದು ಕಾರ್ಖಾನೆಯವರೇ ಬಿಟ್ಟ ಕಿಂಡಿಗಳಿರುತ್ತವೆ. ಅವನ್ನು ಮುಚ್ಚಿದರೆ ಬಾಗಿಲು ಒಳಗಿನಿಂದಲೇ ಕೊಳೆಯುತ್ತದೆ. ಗಾಳಿಕಿಂಡಿಗಳೂ ತೆರೆದಿರಲೇಬೇಕು. ಉಳಿದವುಗಳ ತುಕ್ಕು ಉಜ್ಜಿ, ಪ್ರೈಮರ್ ಬಳಿದು, ರಬ್ಬರ್ ಬಿರಡೆ ಹಾಕಬೇಕು.

ತೂತು ಹುಡುಕಲು ಯಂತ್ರವೇನೂ ಬೇಡ. ಬಿಸಿಲಿನಲ್ಲಿ ಬಾಗಿಲುಗಳನ್ನು ಮುಚ್ಚಿ, ಕಿಟಕಿಗಳಿಗೆ ಕಂಬಳಿ ಕಟ್ಟಿ ಒಳಗೆ ಕುಳಿತರೆ ಬೆಳಕಿನ ಚುಕ್ಕೆಗಳು ಕಾಣುತ್ತವೆ. ಒಂದೊಂದಕ್ಕೂ ಸೀಮೆಸುಣ್ಣದ ಗುರುತು ಹಾಕಬೇಕು. ಬೆಳಕಿಗೆ ಸಿಗದ ಸಂದುಗಳನ್ನು ಹಿಡಿಯಲು ಹೊರಗಿನಿಂದ ನೀರು ಹಾಯಿಸಬೇಕು. ಅದೊಂದು ಕೆಲಸಕ್ಕೆ, ಒಂಟಿ ಪ್ರಯಾಣಿಕನೂ ಪಕ್ಕದ ಮನೆಯವರನ್ನು ಪೈಪು ಹಿಡಿಯಲು ಕರೆಯಬೇಕಾಗುತ್ತದೆ.