ಕ್ಯೂಆರ್ ಹಾಕಿದ್ರಾಯ್ತಾ? ಅದರ ಹಿಂದೆ ಏನಿದೆ ಹೇಳಿ

"ಇದಕ್ಕೆ ದುಡ್ಡು ಎಷ್ಟು ಹಾಕ್ಬೇಕಪ್ಪಾ?"

ಪುಟ್ಟೇನಹಳ್ಳಿಯಲ್ಲಿ ಕಟ್ಟುತ್ತಿದ್ದ ಒಂದು ಮನೆಯ ಮುಂದೆ ನಿಂತು ಒಬ್ಬರು ಅಮ್ಮ ನಮ್ಮನ್ನು ಕೇಳಿದ ಪ್ರಶ್ನೆ ಇದು. ಅವರ ಕೈಲಿ ಫೋನು, ಎದುರಿಗೆ ನಾವೇ ಡಿಸೈನ್ ಮಾಡಿ ಕಟ್ಟಿದ ಬೋರ್ಡು, ಬೋರ್ಡಿನ ನಡುವೆ ದೊಡ್ಡದಾಗಿ ಒಂದು ಕ್ಯೂಆರ್ ಕೋಡ್. ಪಕ್ಕದ ಬೀದಿಯಲ್ಲಿ ಅವರದ್ದೂ ಒಂದು 30×40 ಸೈಟ್ ಇದೆಯಂತೆ. ಮನೆ ಕಟ್ಟಿಸೋ ಯೋಚನೆಯಲ್ಲಿದ್ದಾರೆ. ಅಂದರೆ ಆ ಬೋರ್ಡು ಯಾರಿಗೆ ಬೇಕಿತ್ತೋ ಸರಿಯಾಗಿ ಅವರಿಗೇ ಸಿಕ್ಕಿತ್ತು. ಆದರೆ ಅವರು ಅದನ್ನು ಓದಿದ್ದು ಅಂಗಡಿಯ ಪೇಮೆಂಟ್ ಬೋರ್ಡು ಅಂತ.

ತಪ್ಪು ಅವರದ್ದಲ್ಲ. 2016ರಲ್ಲಿ ಯುಪಿಐ ಬಂದ ಮೇಲೆ ಎಳನೀರಿನ ಗಾಡಿಯಿಂದ ಹಿಡಿದು ದೇವಸ್ಥಾನದ ಹುಂಡಿಯವರೆಗೆ ಈ ಕಪ್ಪು-ಬಿಳಿ ಚೌಕ ಅಂದ್ರೆ 'ಇಲ್ಲಿ ದುಡ್ಡು ಹಾಕಿ' ಅಂತಲೇ ಅರ್ಥ. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ಬಂದ 'ಪೇಸಿಎಂ' ಪೋಸ್ಟರ್ ನೆನಪಿದ್ಯಲ್ಲ? ರಾಜಕೀಯ ಪಕ್ಕಕ್ಕಿಡೋಣ. ಪೇಮೆಂಟ್ ಬೋರ್ಡಿನ ವೇಷ ಹಾಕಿದ್ದಕ್ಕೇ ಅದು ಅಷ್ಟು ಜನರ ಕಣ್ಣಿಗೆ ಬಿತ್ತು. ನಮಗೆ ಈ ವಿಷಯ ಗೊತ್ತಿದ್ದೂ ಬೋರ್ಡಿನ ಮೇಲೆ 'ಸ್ಕ್ಯಾನ್ ಮಿ' ಅಂತ ಇಂಗ್ಲಿಷಿನಲ್ಲಿ ಬರೆದು ಸುಮ್ಮನಾಗಿದ್ದೆವು.

ಸ್ವಲ್ಪ ಹಿಂದಿನ ಕಥೆ ಹೇಳಿಬಿಡ್ತೀವಿ. ನಮ್ಮ ಕನ್ನಡ ಕ್ಲಬ್ಬಿನ ಇಬ್ಬರು ಸೀನಿಯರ್‌ಗಳು ಹೋದ ವರ್ಷ ಪುಟ್ಟೇನಹಳ್ಳಿಯಲ್ಲಿ ಸಣ್ಣದೊಂದು ಆಫೀಸ್ ತೆರೆದರು. ಒಬ್ಬರು ನೋಂದಾಯಿತ ಆರ್ಕಿಟೆಕ್ಟ್, ಇನ್ನೊಬ್ಬರು ಇಂಟೀರಿಯರ್ ಡಿಸೈನರ್. ಒಂದು ಕೋಣೆ, ಎರಡು ಲ್ಯಾಪ್‌ಟಾಪ್, ಕೈಯಿಂದ ಕಟ್ಟುತ್ತಿದ್ದ ಬಾಡಿಗೆ. 'ಇನ್ನೆರಡು ಕೆಲಸ ಸಿಗದಿದ್ರೆ ಬಾಗಿಲು ಹಾಕಿ ಎಲ್ಲಾದ್ರೂ ಕೆಲಸಕ್ಕೆ ಸೇರ್ತೀವಿ ಕಣ್ರೋ' ಅಂದರು. ನಾವು ಹುರುಪಿನಲ್ಲಿ ಒಪ್ಪಿಕೊಂಡು ಕ್ಯೂಆರ್ ಮಾಡಿಕೊಟ್ಟೆವು. ಮೂರು ಕಡೆ ಎಡವಿದೆವು.

ಮೊದಲನೆಯದು ಹೇಳಿದ್ದಾಯ್ತು. ಎರಡನೆಯದು, ವಿಳಾಸಕ್ಕೆ ಅಂತ ಕೊಟ್ಟ ಕೋಡಿನಲ್ಲಿ ಜಾಗದ ಗುರುತಿನ ಬದಲು ಬರೀ 'ಪುಟ್ಟೇನಹಳ್ಳಿ, ಬೆಂಗಳೂರು' ಅನ್ನೋ ಹುಡುಕಾಟ ಇಟ್ಟಿದ್ದೆವು. ಬೆಂಗಳೂರಿಗೆ ಎರಡು ಪುಟ್ಟೇನಹಳ್ಳಿ. ನಮ್ಮ ಯಲಹಂಕದ್ದು ಒಂದು, ಜೆ.ಪಿ. ನಗರದ ಕಡೆಯದ್ದು ಇನ್ನೊಂದು. ಎರಡಕ್ಕೂ ಕೆರೆ ಬೇರೆ ಇದೆ! ಒಬ್ಬರು ಊರಿನ ಆ ತುದಿಗೆ ಹೋಗಿ, ಅಲ್ಲಿಂದ ಫೋನ್ ಮಾಡಿ 'ಕೆರೆ ಸಿಕ್ತು, ಆಫೀಸ್ ಎಲ್ಲಿ?' ಅಂತ ಕೇಳಿದರು. ಮತ್ತೆ ಈ ಕಡೆ ಬರಲೇ ಇಲ್ಲ. ಮೂರನೆಯದು, ಯಾವುದೋ ತಾಣದಲ್ಲಿ ಫ್ರೀ ಸಿಗುತ್ತೆ ಅಂತ 'ಡೈನಾಮಿಕ್' ಕೋಡ್ ಮಾಡಿದ್ದೆವು. ಟ್ರಯಲ್ ಮುಗಿದ ದಿನವೇ ಅದು ಸತ್ತಿತು. ಸ್ಕ್ಯಾನ್ ಮಾಡಿದವರಿಗೆ ಕಂಡದ್ದು ಆ ತಾಣಕ್ಕೆ ದುಡ್ಡು ಕಟ್ಟಿ ಅನ್ನೋ ಪುಟ. ಅಮ್ಮನ ಪ್ರಶ್ನೆಗೆ ಕೊನೆಗೂ ಉತ್ತರ ಸಿಕ್ಕಂತಾಯ್ತು!

ಇಂಜಿನಿಯರಿಂಗ್ ಓದೋ ನಾವು ಇದನ್ನ ಮೊದಲೇ ಯೋಚಿಸಬೇಕಿತ್ತು. ಕ್ಯೂಆರ್ ಕೋಡ್ ಹುಟ್ಟಿದ್ದು ಜಾಹೀರಾತಿಗಲ್ಲ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಕಂಪನಿಯ ಮಸಾಹಿರೊ ಹಾರಾ ಮತ್ತು ಅವರ ತಂಡ ಕಾರಿನ ಬಿಡಿಭಾಗಗಳ ಲೆಕ್ಕ ಇಡೋಕೆ ಅಂತ ಮಾಡಿದ್ದು ಇದನ್ನು. ಕಂಪನಿ ಪೇಟೆಂಟ್ ಇಟ್ಟುಕೊಂಡೂ ಹಕ್ಕು ಚಲಾಯಿಸಲಿಲ್ಲ, ಹಾಗಾಗಿ ಇವತ್ತು ಸಾದಾ ಕೋಡ್ ಮಾಡೋಕೆ ಯಾರಿಗೂ ಕಾಸು ಕೊಡಬೇಕಿಲ್ಲ. ಕಾರ್ಖಾನೆಯಲ್ಲಿ ಎಣ್ಣೆ, ಕೊಳೆ ಹತ್ತುತ್ತೆ ಅಂತಲೇ ದೋಷ ತಿದ್ದುವ ವ್ಯವಸ್ಥೆ ಇದರಲ್ಲಿದೆ. ಎಲ್, ಎಂ, ಕ್ಯೂ, ಎಚ್ ಅಂತ ನಾಲ್ಕು ಹಂತ. ಸುಮಾರು ಶೇ 7, 15, 25, 30ರಷ್ಟು ಹಾಳಾದರೂ ಓದಬಹುದು. ಸಿಮೆಂಟ್ ಧೂಳು ಹಾರೋ ಸೈಟಿನ ಬೋರ್ಡಿಗೆ ಕ್ಯೂ ಅಥವಾ ಎಚ್ ಹಂತವೇ ಸರಿ. ಮಧ್ಯೆ ಲೋಗೋ ತುರುಕಿದರೆ ಆ ಉಳಿತಾಯವನ್ನು ಲೋಗೋ ತಿಂದುಬಿಡುತ್ತೆ ಅನ್ನೋದೂ ನೆನಪಿರಲಿ.

ಇನ್ನೂ ಎರಡು ಮಾತು. ಅತಿ ಚಿಕ್ಕ ಕೋಡಿನಲ್ಲಿ 21×21 ಚೌಕ, ಅತಿ ದೊಡ್ಡದರಲ್ಲಿ 177×177. ಲಿಂಕ್ ಉದ್ದ ಆದಷ್ಟೂ ಚೌಕಗಳು ಜಾಸ್ತಿಯಾಗಿ ಸಣ್ಣದಾಗ್ತವೆ, ಕಡಿಮೆ ಬೆಲೆಯ ಫೋನ್ ಒದ್ದಾಡುತ್ತೆ. ಆದ್ದರಿಂದ ಸ್ವಂತದ್ದೊಂದು ಪುಟ್ಟ ಡೊಮೇನ್ ತಗೊಂಡು, ಸಾದಾ ಸ್ಟ್ಯಾಟಿಕ್ ಕೋಡ್ ಮಾಡಿ. ಒಳಗಿನ ಪುಟವನ್ನು ಯಾವಾಗ ಬೇಕಾದರೂ ಬದಲಿಸಬಹುದು, ಕೋಡ್ ಸಾಯೋದಿಲ್ಲ. ಸುತ್ತ ನಾಲ್ಕು ಚೌಕದಷ್ಟು ಬಿಳಿ ಜಾಗ ಬಿಡಿ. ಎಷ್ಟು ದೂರದಿಂದ ಸ್ಕ್ಯಾನ್ ಮಾಡ್ತಾರೋ ಅದರ ಹತ್ತನೇ ಒಂದು ಭಾಗದಷ್ಟು ಅಗಲ ಇರಲಿ. ಒಂದು ಮೀಟರ್ ದೂರಕ್ಕೆ 10 ಸೆಂಟಿಮೀಟರ್.

ಈ 10 ಸೆಂಟಿಮೀಟರ್ ಅನ್ನೋ ಅಳತೆ ಇನ್ನೊಂದು ಕಡೆಯೂ ಬರುತ್ತೆ. ಅದು ನಮಗೂ ಗೊತ್ತಿರಲಿಲ್ಲ, ಸೀನಿಯರ್ರೇ ಹೇಳಿದ್ದು. ಆರ್ಕಿಟೆಕ್ಟ್‌ಗಳಿಗೆ 1972ರ ಕಾಯ್ದೆ ಇದೆ, ಅದರಡಿ 1989ರ ವೃತ್ತಿ ನಡವಳಿಕೆಯ ನಿಯಮಗಳಿವೆ. ಅದರ ಪ್ರಕಾರ ಆರ್ಕಿಟೆಕ್ಟ್ ತನ್ನ ಸೇವೆಯ ಜಾಹೀರಾತು ಕೊಡುವಂತಿಲ್ಲ. ತಾನು ಮಾಡಿದ ಕಟ್ಟಡದ ಮೇಲೆ, ತನ್ನ ಆಫೀಸಿನ ಹೊರಗೆ ಹೆಸರು ಹಾಕಬಹುದು. ಆದರೆ ಅಕ್ಷರದ ಎತ್ತರ 10 ಸೆಂಟಿಮೀಟರ್ ಮೀರಬಾರದು. ಇಂಟೀರಿಯರ್ ಡಿಸೈನರ್‌ಗೆ ಇಂಥ ಕಟ್ಟುಪಾಡಿಲ್ಲ. ಒಂದೇ ಕೋಣೆಯ ಎರಡು ಮೇಜು, ಎರಡು ನಿಯಮ! ನಾವು ಒಂದೇ ಬೋರ್ಡಿನಲ್ಲಿ ಇಬ್ಬರ ಹೆಸರನ್ನೂ ಅಡಿಗಟ್ಟಲೆ ದಪ್ಪ ಅಕ್ಷರದಲ್ಲಿ ಹಾಕಿ, ಕೆಳಗೆ 'ಶೇ 10 ರಿಯಾಯಿತಿ' ಅಂತ ಬರೆಯೋಕೆ ಹೊರಟಿದ್ದೆವು. ಅವರ ನೋಂದಣಿಗೇ ಕುತ್ತು ತರುತ್ತಿದ್ದೆವು.

ಕ್ಯೂಆರ್ ಹುಟ್ಟಿದ್ದೇ ಆ ನಿಯಮ ಬಂದು ಐದು ವರ್ಷದ ಮೇಲೆ. ಅದರಲ್ಲಿ ಇದರ ಹೆಸರು ಇರೋಕೆ ಸಾಧ್ಯವಿಲ್ಲ. 'ಇಲ್ಲವಲ್ಲ, ಹಾಗಾದರೆ ಏನು ಬೇಕಾದರೂ ಮಾಡಬಹುದು' ಅಂತ ವಾದಿಸೋರು ಇದ್ದಾರೆ. ನಾವು ಒಪ್ಪೋದಿಲ್ಲ. ಹೆಸರನ್ನು ಸಣ್ಣದಾಗಿ ಹಾಕು ಅನ್ನೋ ನಿಯಮದ ಆಶಯ ಇಷ್ಟೇ: ಕೂಗಿ ಕರೆಯಬೇಡ, ಮಾಡಿದ ಕೆಲಸ ತೋರಿಸು. ಹಾಗೆ ನೋಡಿದರೆ ಕ್ಯೂಆರ್ ಈ ಆಶಯಕ್ಕೆ ವಿರೋಧಿ ಅಲ್ಲ. ಅದು ತಾನಾಗಿ ಯಾರ ಮೇಲೂ ಬೀಳೋದಿಲ್ಲ. ಕಟ್ಟಡ ಇಷ್ಟವಾಗಿ, ಇದನ್ನು ಯಾರು ಮಾಡಿದ್ರು ಅಂತ ಕೇಳೋರು ಮಾತ್ರ ಫೋನ್ ಎತ್ತುತ್ತಾರೆ. ಆ ಕೇಳಿದವರಿಗೆ ಏನು ಉತ್ತರ ಕೊಡ್ತೀರಿ ಅನ್ನೋದೇ ಪ್ರಶ್ನೆ.

ಮಹಾರಾಷ್ಟ್ರದ ರೇರಾ 2023ರ ಆಗಸ್ಟ್ 1ರಿಂದ ವಸತಿ ಯೋಜನೆಗಳ ಜಾಹೀರಾತಿನಲ್ಲಿ ಕ್ಯೂಆರ್ ಕಡ್ಡಾಯ ಮಾಡಿತು. ಸ್ಕ್ಯಾನ್ ಮಾಡಿದರೆ ನೋಂದಣಿಯ ವಿವರ ಸಿಗಬೇಕು ಅಂತ. ಅಲ್ಲಿ ಕ್ಯೂಆರ್ ಇರೋದು ಕೊಳ್ಳೋರ ಪರವಾಗಿ. ನಮ್ಮ ಅಭಿಪ್ರಾಯವೂ ಅದೇ. ಸಣ್ಣ ಆಫೀಸಿನವರು ಯಾರೂ ಹೇಳದಿದ್ದರೂ ಈ ದಾರಿ ಹಿಡಿಯಲಿ. ಒಂದು ಕಟ್ಟಡ, ಒಂದು ಕೋಡ್, ಒಂದು ಪುಟ. ಆ ಪುಟದಲ್ಲಿ ನೋಂದಣಿ ಸಂಖ್ಯೆ, ಈ ಮನೆಗೆ ಎಷ್ಟು ತಿಂಗಳು ಹಿಡೀತು, ಯಾವ ಕಲ್ಲು ಯಾವ ಮರ ಬಳಸಿದ್ದು, ಗಾಳಿ ಬೆಳಕು ಹೇಗೆ ಬರುತ್ತೆ, ಯಾರಿಗೆ ಫೋನ್ ಮಾಡಬೇಕು. ಕಂಪ್ಯೂಟರಿನ ರೆಂಡರ್ ಹಾಕಿದರೆ 'ಇದು ರೆಂಡರ್' ಅಂತ ಬರೀಬೇಕು. ಮನೆಯವರನ್ನು ಕೇಳದೆ ಅವರ ಮನೆಯೊಳಗಿನ ಫೋಟೋ ಹಾಕಬಾರದು. ಕೋಡಿನ ಕೆಳಗೆ 'ಈ ಮನೆಯ ವಿವರ ಓದಿ, ದುಡ್ಡು ಕಟ್ಟುವ ಕೋಡ್ ಅಲ್ಲ' ಅಂತ ಒಂದು ಸಾಲು, ಅದರ ಕೆಳಗೆ ವೆಬ್ ವಿಳಾಸ. ಯಾರಾದರೂ ಮೇಲೆ ಬೇರೆ ಸ್ಟಿಕ್ಕರ್ ಅಂಟಿಸಿದ್ರೆ ಆಗ ಗೊತ್ತಾಗುತ್ತೆ. ಸ್ಟಿಕ್ಕರ್ ಅಂದಾಗ ನೆನಪಾಯ್ತು, ಲೈಟ್ ಕಂಬಕ್ಕೂ ಕೆರೆಯ ಬೇಲಿಗೂ ಅಂಟಿಸಿ ಬರೋ ಐಡಿಯಾ ಬಿಡಿ. ಸಾರ್ವಜನಿಕ ಸ್ಥಳ ವಿರೂಪಗೊಳಿಸೋದರ ವಿರುದ್ಧ 1981ರಿಂದಲೇ ನಮ್ಮ ರಾಜ್ಯದಲ್ಲಿ ಕಾಯ್ದೆ ಇದೆ. ನಮ್ಮ ಕೆರೆಯಂತೂ ಪಕ್ಷಿ ಸಂರಕ್ಷಣಾ ಮೀಸಲು. ಕೊಕ್ಕರೆಗಳಿಗೆ ಮಾಡ್ಯುಲರ್ ಕಿಚನ್ ಬೇಕಿಲ್ಲ.

ಈಗ ಕ್ಲಬ್ಬಿನ ಮುಖ್ಯ ಮಾತು. ಆ ಪುಟ ಕನ್ನಡದಲ್ಲಿರಬೇಕು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯ್ತು. ಬೋರ್ಡುಗಳು ಬದಲಾದವು, ಒಳ್ಳೇದೇ. ಆದರೆ ಕನ್ನಡದ ಬೋರ್ಡಿನ ಮೇಲಿರೋ ಕೋಡ್ ಸ್ಕ್ಯಾನ್ ಮಾಡಿ ನೋಡಿ, ಒಳಗೆ ಪೂರ್ತಿ ಇಂಗ್ಲಿಷ್. ಬಾಗಿಲಿಗೆ ಮಾತ್ರ ಕನ್ನಡದ ತೋರಣ! 'ಈ ಕಡೆ ಕ್ಲೈಂಟ್ಸ್ ಎಲ್ಲಾ ಹೊರಗಿನವರು' ಅನ್ನೋ ಮಾತು ನಾವೂ ಕೇಳಿದ್ದೀವಿ. ಇರಲಿ, ಅವರಿಗೂ ಒಂದು ಇಂಗ್ಲಿಷ್ ಪುಟ ಮಾಡಿ. ಆದರೆ ಸೈಟಿನ ಮುಂದೆ ನಿಂತು ನೋಡೋರು ಇದೇ ಬೀದಿಯವರು. ಜೀವಮಾನದ ಉಳಿತಾಯ ಸುರಿದು ಒಂದೇ ಒಂದು ಮನೆ ಕಟ್ಟಿಸೋರು. ಅಂಥವರಿಗೆ ಅರ್ಥವಾಗದ ಭಾಷೆಯಲ್ಲಿ ಕರಾರು, ಅಂದಾಜು ಪಟ್ಟಿ ಕೊಟ್ಟರೆ, ಆಮೇಲೆ ಜಗಳ ಆದಾಗ 'ಮೊದಲೇ ಬರೆದಿದ್ವಲ್ಲ' ಅನ್ನೋದು ನ್ಯಾಯವಲ್ಲ.

ಸೀನಿಯರ್‌ಗಳ ಜೊತೆ ಕೂತು ಹೊಸ ಬೋರ್ಡ್ ಮಾಡಿದೆವು. ಅಕ್ಷರ ಸಣ್ಣವು, ಕೋಡ್ ಸಾದಾ, ಪುಟ ಕನ್ನಡದ್ದು. 'ಕ್ಯಾಂಟಿಲಿವರ್'ಗೆ ಕನ್ನಡ ಹುಡುಕಿ ಸಾಕಾಗಿ ಹಾಗೇ ಬಿಟ್ಟೆವು. ಮೇಸ್ತ್ರಿಗೂ ಅದೇ ಪದ ಗೊತ್ತು. ಆ ಅಮ್ಮ ಮತ್ತೆ ಬಂದರು. ಸ್ಕ್ಯಾನ್ ಮಾಡಿ, ಯಜಮಾನರಿಗೆ ಕೇಳೋ ಹಾಗೆ ಜೋರಾಗಿ ಪೂರ್ತಿ ಓದಿದರು. ಓದಿ ಮುಗಿಸಿ, 'ಎಲ್ಲಾ ಸರಿ, ಮಳೆ ನೀರು ಎಲ್ಲಿಗೆ ಹೋಗುತ್ತೆ ಅಂತ ಹಾಕೇ ಇಲ್ವಲ್ಲ?' ಅಂದರು. 30×40ರ ಹೊಸ ಮನೆಗೆ ಮಳೆ ನೀರು ಕೊಯ್ಲು ಕಡ್ಡಾಯ. ನಾವು ಅದನ್ನೇ ಮರೆತಿದ್ದೆವು. ಅವತ್ತೇ ಸಂಜೆ ಪುಟಕ್ಕೆ ಸೇರಿಸಿದೆವು.

ಅವರು ಇನ್ನೂ ಕೆಲಸ ಕೊಟ್ಟಿಲ್ಲ. ಆಫೀಸ್ ಇನ್ನೂ ತೆರೆದಿದೆ. ಯಾರಿಗಾದರೂ ಇಂಥ ಪುಟ ಮಾಡಿಕೊಡೋಕೆ ನಿಮಗೆ ಇಷ್ಟ ಇದ್ರೆ ಶುಕ್ರವಾರ ಕ್ಲಾಸ್ ಮುಗಿದ ಮೇಲೆ ಕ್ಲಬ್ಬಿಗೆ ಬನ್ನಿ. ಕೋಡ್ ಮಾಡೋಕೆ ಎರಡು ನಿಮಿಷ ಸಾಕು. ಕನ್ನಡದಲ್ಲಿ ಪುಟ ಬರೆಯೋಕೆ ಜನ ಬೇಕಾಗಿದ್ದಾರೆ.