ಮುಂಬಯಿಗೆ ಹೋಗಬೇಕೇ, ಮೈಸೂರು ಸಾಲದೇ?

ನಮ್ಮ ಬೋರ್ಡಿಂಗಿನಲ್ಲಿ ಐದು ವರುಷವಿದ್ದು ಓದಿ, ತರುವಾಯ ಮನಃಶಾಸ್ತ್ರವನ್ನು ಆರಿಸಿಕೊಂಡು ಬಿ.ಎ. ಪದವಿಯನ್ನು ಪಡೆದ ಹುಡುಗಿಯೊಬ್ಬಳು ಕಳೆದ ತಿಂಗಳು ಎರಡು ಕಾಗದಗಳನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದಳು. ಒಂದು, ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯಲ್ಲಿ ಆಪ್ತಸಮಾಲೋಚನೆಯನ್ನು ಕಲಿಸುವ ಎಂ.ಎ. ತರಗತಿಗೆ ಸ್ಥಾನ ದೊರೆತಿದೆಯೆಂಬುದು. ಇನ್ನೊಂದು ಮೈಸೂರು ವಿಶ್ವವಿದ್ಯಾನಿಲಯದ ಮನಃಶಾಸ್ತ್ರದ ಎಂ.ಎ. ತರಗತಿಯದು. ತಂದೆಯವರು ಬಸ್ಸಿನ ಕಂಡಕ್ಟರು. ತಾಯಿಯವರು ಹೊಲಿಗೆಯಿಂದ ನಾಲ್ಕು ಕಾಸು ಸಂಪಾದಿಸುವವರು. ಮುಂಬಯಿಯ ಖರ್ಚಿಗಾಗಿ ಮನೆಯ ಪತ್ರವನ್ನು ಅಡವಿಡಲು ತಂದೆಯವರು ಒಪ್ಪಿದ್ದಾರಂತೆ. “ಟೀಚರಮ್ಮಾ, ನಾನು ಏನು ಮಾಡಲಿ?” ಎಂದು ಕೇಳಿದಳು.

ನಾಚಿಕೆಯಾದರೂ ಹೇಳಿಬಿಡುತ್ತೇವೆ: ನಮ್ಮ ಮನಸ್ಸಿನಲ್ಲಿ ಮೊದಲು ಎದ್ದ ಯೋಚನೆಯು, ಈ ಸುದ್ದಿಯನ್ನು ಸ್ಮರಣ ಸಂಚಿಕೆಯಲ್ಲಿ ದಪ್ಪಕ್ಷರದಿಂದ ಅಚ್ಚುಹಾಕಿಸಬಹುದಲ್ಲಾ ಎಂಬುದೇ. ಹೆಸರಿನ ಮೋಹವು ಹುಡುಗಿಯರಿಗಿಂತ ಅವರ ಉಪಾಧ್ಯಾಯಿನಿಯರಿಗೇ ಹೆಚ್ಚೋ ಏನೋ.

ಆ ಸಂಸ್ಥೆಯ ಹೆಸರು ಸುಮ್ಮನೆ ಬಂದದ್ದಲ್ಲವೆಂಬುದನ್ನೂ ಒಪ್ಪಬೇಕು. 1926ರಲ್ಲಿ ಮುಂಬಯಿಯ ನಾಗಪಾಡಾ ಎಂಬ ಬಡ ಕೇರಿಯಲ್ಲಿ ಸೇವಾಗೃಹವನ್ನು ತೆರೆದ ಅಮೆರಿಕದ ಮಿಷನರಿ ಕ್ಲಿಫರ್ಡ್ ಮ್ಯಾನ್ಶಾರ್ಟರೇ 1936ರಲ್ಲಿ ಈ ಸಂಸ್ಥೆಯ ಮೊದಲನೆಯ ಮುಖ್ಯಸ್ಥರಾದರು. ಪುಸ್ತಕದ ಓದಿನೊಡನೆ ಜನರ ನಡುವೆ ಹೋಗಿ ಕೆಲಸ ಕಲಿಯುವ ಪದ್ಧತಿಯು ಅಲ್ಲಿ ಬಹು ಹಿಂದಿನಿಂದ ಬಂದದ್ದು. ಆದರೆ ಮೈಸೂರೂ ನಿನ್ನೆ ಮೊನ್ನೆಯದಲ್ಲ. ಇಲ್ಲಿ ಮನಃಶಾಸ್ತ್ರದ ವಿಭಾಗವು 1924ರಲ್ಲಿಯೇ ಎಂ. ವಿ. ಗೋಪಾಲಸ್ವಾಮಿಯವರ ಕೈಯಿಂದ ಆರಂಭವಾಯಿತು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ನಡೆಸತೊಡಗಿದ ಪ್ರೊಫೆಸರರು ಇವರೇ ಎಂಬುದು ಎಷ್ಟೋ ಮಂದಿಗೆ ತಿಳಿಯದು. ಆದುದರಿಂದ ಹಳಮೆಯನ್ನೂ ಕೀರ್ತಿಯನ್ನೂ ತಕ್ಕಡಿಗೆ ಹಾಕಿ ತೂಗಿದರೆ ಈ ಪ್ರಶ್ನೆಯು ಬಗೆಹರಿಯಲಾರದು.

ಸಮಾಧಾನ ಹೇಳುವುದಕ್ಕೂ ಒಂದು ಪದವಿ ಬೇಕೇ, ನಮ್ಮ ಅಜ್ಜಿಯರು ಯಾವ ಎಂ.ಎ. ಓದಿದ್ದರು ಎಂದು ಸಭೆಯ ಹಿರಿಯರೊಬ್ಬರು ಕೇಳಿದರು. ಇದಕ್ಕೆ ಉತ್ತರವಾಗಿ ನಮ್ಮ ತಪ್ಪೊಂದನ್ನು ಹೇಳಬೇಕಾಗಿದೆ. ಬಹು ವರುಷಗಳ ಹಿಂದೆ ನಮ್ಮ ವಶದಲ್ಲಿದ್ದ ಹುಡುಗಿಯೊಬ್ಬಳು ಊಟವನ್ನು ಬಿಟ್ಟಳು. ಎದೆಯುರಿ ಎಂದಳು, ಕೈಕಾಲು ಸೆಳೆತ ಎಂದಳು. ಡಾಕ್ಟರರು ನೋಡಿ ರೋಗವೇನೂ ಇಲ್ಲವೆಂದರು. ನಾವು ಮೊದಲು ಗದರಿಸಿದೆವು, ಆಮೇಲೆ ಬುದ್ಧಿ ಹೇಳಿದೆವು, ಕಡೆಗೆ ಅವಳಿಗಾಗಿ ಪ್ರಾರ್ಥನೆ ಮಾಡಿದೆವು. ಏನಾಯಿತು ಮಗು ಎಂದು ಕೇಳಿ, ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕೂತುಕೊಳ್ಳುವುದನ್ನು ಮಾತ್ರ ಮಾಡಲಿಲ್ಲ. ಅವಳು ರಜಕ್ಕೆಂದು ಊರಿಗೆ ಹೋದವಳು ಮರಳಿ ಬರಲಿಲ್ಲ. ಓದು ಅಲ್ಲಿಗೇ ನಿಂತಿತು. ಯೋಬನ ಸ್ನೇಹಿತರು ಏಳು ದಿನ ಅವನ ಸಂಗಡ ಮೌನವಾಗಿ ನೆಲದ ಮೇಲೆ ಕುಳಿತಿದ್ದಷ್ಟು ಕಾಲ ಒಳ್ಳೆಯ ಸ್ನೇಹಿತರೇ ಆಗಿದ್ದರು. ಬಾಯಿ ತೆರೆದ ಮೇಲೆಯೇ ಕೆಟ್ಟದ್ದು. ಈ ಕಥೆಯನ್ನು ನಾವು ಎಷ್ಟೋ ಸಲ ತರಗತಿಯಲ್ಲಿ ಪಾಠಮಾಡಿದವರು!

ಪ್ರೀತಿಯೊಂದಿದ್ದರೆ ಸಾಕಾಗದು, ಕಲಿತಿರಬೇಕು ಎಂದು ನಾವು ಹೇಳುವುದು ಆ ಕಾರಣದಿಂದಲೇ. ಕಲಿಯುವುದೆಂದರೆ ಪುಸ್ತಕವನ್ನು ಬಾಯಿಪಾಠ ಮಾಡುವುದಲ್ಲ. ನೊಂದವರೊಡನೆ ಕುಳಿತು ಬಂದ ಮೇಲೆ, ನೀನು ಇಲ್ಲಿ ಅವಸರಪಟ್ಟೆ, ಇಲ್ಲಿ ನಿನ್ನ ದುಃಖವನ್ನೇ ಅವಳ ಮೇಲೆ ಹೊರಿಸಿದೆ ಎಂದು ತಿದ್ದುವ ಹಿರಿಯರು ಬೆನ್ನ ಹಿಂದೆ ಇರಬೇಕು. ಸೂಲಗಿತ್ತಿಯ ಕೆಲಸವನ್ನು ಓದಿ ಕಲಿತವರುಂಟೇ? ಆದಕಾರಣ ನಾವು ಹುಡುಗಿಗೆ ಹೇಳಿದ್ದಿಷ್ಟು: ಎರಡೂ ಕಡೆಗೆ ಬರೆದು ಕೇಳು. ವಾರದಲ್ಲಿ ಎಷ್ಟು ಹೊತ್ತು ನಿಜವಾದ ಜನರೊಡನೆ ಕೆಲಸ, ತಿದ್ದುವವರು ಯಾರು, ಒಬ್ಬರ ಕೈಕೆಳಗೆ ಎಷ್ಟು ಮಂದಿ. ಉತ್ತರಗಳು ಬಂದಿವೆ, ಈ ವಿಷಯದಲ್ಲಿ ಮುಂಬಯಿಯದೇ ಮೇಲೆಂದು ನಮಗೆ ತೋರಿತು.

ಪದವಿಯ ಹೆಸರಿನ ವಿಷಯದಲ್ಲಿಯೂ ತಾಯಿತಂದೆಗಳು ಎಚ್ಚರವಾಗಿರಬೇಕು. 2017ರ ಮಾನಸಿಕ ಆರೋಗ್ಯದ ಕಾಯಿದೆಯಂತೆ ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ವಿದ್ಯಾರ್ಹತೆ ಬೇಕು. ಆ ಒಪ್ಪಿಗೆಯಿಲ್ಲದ ಎಂ.ಎ. ಪದವಿಯು ಎಷ್ಟೇ ಹೆಸರಾಂತ ಸಂಸ್ಥೆಯದಾದರೂ ಆ ಅಧಿಕಾರವನ್ನು ಕೊಡದು. ಶಾಲೆ, ಕಾಲೇಜು, ಸೇವಾಸಂಸ್ಥೆಗಳಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸಮಾಡಬಹುದು, ಅಷ್ಟೆ. ಹುಡುಗಿಗೆ ಇದು ತಿಳಿದಿತ್ತು, ತಂದೆಯವರಿಗೆ ತಿಳಿದಿರಲಿಲ್ಲ. ಮಗಳು ಡಾಕ್ಟರಾಗಿ ಬರುವಳೆಂದು ಅವರು ನೆರೆಹೊರೆಯವರಿಗೆಲ್ಲಾ ಹೇಳಿಬಿಟ್ಟಿದ್ದರು. ಆ ನಂಬಿಕೆಯ ಮೇಲೆಯೇ ಮನೆಯ ಪತ್ರವು ಪೆಟ್ಟಿಗೆಯಿಂದ ಹೊರಗೆ ಬಂದಿತ್ತೆಂಬುದನ್ನು ತಿಳಿದಾಗ ನಮ್ಮ ಎದೆ ಝಲ್ಲೆಂದಿತು. ಗೋಪುರವನ್ನು ಕಟ್ಟುವವನು ಮೊದಲು ಕೂತು ಲೆಕ್ಕಮಾಡಬೇಕೆಂದು ಕರ್ತನು ಹೇಳಿದ್ದು ಇಂಥ ಮನೆಗಳಿಗೆ ತಾನೇ? ಈ ಕೆಲಸದ ಆರಂಭದ ಸಂಬಳದಿಂದ ದೊಡ್ಡ ಸಾಲವನ್ನು ತೀರಿಸುವುದು ಕಷ್ಟ. ಸಾಲದ ಭಾರವನ್ನು ಹೊತ್ತವಳು ನಮ್ಮ ಜಿಲ್ಲೆಯ ಬಡ ಹುಡುಗಿಯರ ಬಳಿಗೆ ಬಾರದೆ, ಹಣವುಳ್ಳವರ ಊರಿನಲ್ಲಿಯೇ ಉಳಿಯಬೇಕಾದೀತು. ಅದು ಅವಳ ತಪ್ಪಾಗದು.

ಮರಳಿ ಬಂದರೂ ಒಂದು ತೊಡಕು ಉಂಟು. ಎರಡು ವರುಷ ಇಂಗ್ಲಿಷಿನಲ್ಲಿ ಕಲಿತದ್ದನ್ನು ಕನ್ನಡದಲ್ಲಿ ಆಡಬೇಕು. ನಮ್ಮ ಹೆಂಗಸರು ‘ಖಿನ್ನತೆ’ ಎಂಬ ಮಾತನ್ನು ಆಡುವುದಿಲ್ಲ. ‘ಹೊಟ್ಟೆಯೊಳಗೆ ಸಂಕಟ’, ‘ಎದೆ ಭಾರ’, ‘ಯಾಕೋ ಬೇಸರ’ ಎನ್ನುತ್ತಾರೆ; ಅದನ್ನೂ ಒಲೆಯ ಮುಂದೆ, ಬೇರೆ ಏನನ್ನೋ ಹೇಳುತ್ತಾ ನಡುವೆ ಹೇಳುತ್ತಾರೆ. ಆ ಮಾತನ್ನು ಹಿಡಿಯುವ ಕಿವಿಯನ್ನು ಅವಳು ಮುಂಬಯಿಯಲ್ಲಿ ಕಳೆದುಕೊಳ್ಳಬಾರದು. ರಜದಲ್ಲಿ ನಮ್ಮ ಬೋರ್ಡಿಂಗಿಗೆ ಬಂದು ಇರಲೆಂದು ಹೇಳಿದ್ದೇವೆ, ಒಪ್ಪಿದ್ದಾಳೆ.

ಅಗತ್ಯವೇನೋ ಸಣ್ಣದಲ್ಲ. 2015-16ರಲ್ಲಿ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯು ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಮಾನಸಿಕ ತೊಂದರೆಯುಂಟೆಂದೂ, ಅವರಲ್ಲಿ ಬಹುಮಂದಿಗೆ ಚಿಕಿತ್ಸೆಯೇ ದೊರೆತಿಲ್ಲವೆಂದೂ ತೋರಿಸಿತು.

ನಮ್ಮ ಅಭಿಪ್ರಾಯವನ್ನು ಕೇಳಿದರೆ, ಅವಳು ಮುಂಬಯಿಗೆ ಹೋಗಲಿ, ಮನೆಯ ಪತ್ರವು ಪೆಟ್ಟಿಗೆಯಲ್ಲಿಯೇ ಇರಲಿ. ಪತ್ರವನ್ನು ಅಡವಿಡದೆ ಹಣವು ಕೂಡದಿದ್ದರೆ ಮೈಸೂರಿಗೆ ಹೋಗಲಿ. ಅದರಲ್ಲಿ ತಲೆತಗ್ಗಿಸುವಂಥದೇನೂ ಇಲ್ಲ. ಹಳೆಯ ವಿದ್ಯಾರ್ಥಿನಿಯರ ಸಂಘದ ನಿಧಿಯಿಂದ ಅರ್ಧ ಖರ್ಚನ್ನು ಕೊಡಬೇಕೆಂದು ನಾವು ಸೂಚಿಸಿದ್ದೇವೆ. ಅಷ್ಟು ಹಣದಲ್ಲಿ ಹತ್ತು ಹುಡುಗಿಯರಿಗೆ ಪುಸ್ತಕ ಕೊಡಿಸಬಹುದೆಂದು ಇಬ್ಬರು ಸದಸ್ಯೆಯರು ವಿರೋಧಿಸಿದರು. ಆ ಮಾತು ಸುಳ್ಳಲ್ಲ, ನಮ್ಮಲ್ಲಿ ಅದಕ್ಕೆ ಪೂರ್ಣವಾದ ಉತ್ತರವೂ ಇಲ್ಲ. ಊಟ ಬಿಟ್ಟ ಆ ಹುಡುಗಿಯು ನೆನಪಿಗೆ ಬಂದದ್ದರಿಂದ ನಾವು ಕೈ ಎತ್ತಿದೆವು. ಶುಲ್ಕ ಕಟ್ಟಲು ಇನ್ನೂ ಕೆಲವು ವಾರಗಳಿವೆ. ಮುಂದಿನ ಶನಿವಾರ ಪ್ರಾರ್ಥನೆಯಾದ ಮೇಲೆ ಸಂಘವು ಮತ್ತೆ ಕೂಡುವುದು, ತಂದೆಯವರನ್ನೂ ಬರಹೇಳಿದ್ದೇವೆ.